ಕಾರಿನ ರಿಯರ್ ವ್ಯೂ ಮಿರರ್ ಕಂಡುಹಿಡಿದದ್ದು ಡೊರೊಥಿ ಲೆವಿಟ್ ಅವರೇ? ಫಾರ್ವರ್ಡ್ ಮಾಡುವ ಮುನ್ನ ಅವರ ಬದುಕನ್ನು ಓದಿ

ಹೆಣ್ಣುಮಕ್ಕಳಿಗೆ ಕಾರಿನ ಕನ್ನಡಿ ಬೇಕಾಗಿರುವುದು ಲಿಪ್‌ಸ್ಟಿಕ್ ಹಚ್ಚಿಕೊಳ್ಳುವುದಕ್ಕೆ ಎಂಬ ಜೋಕು ಒಂದು ಗ್ರೂಪಿನಲ್ಲಿ ಬರುತ್ತದೆ. ಅದಕ್ಕೆ ಉತ್ತರ ಕೊಟ್ಟಂತೆ ಇನ್ನೊಂದು ಗ್ರೂಪಿನಲ್ಲಿ, ಆ ಕನ್ನಡಿಯನ್ನು ಕಂಡುಹಿಡಿದದ್ದೇ ಡೊರೊಥಿ ಲೆವಿಟ್ ಎಂಬ ಹೆಣ್ಣುಮಗಳು ಎಂಬ ಫಾರ್ವರ್ಡ್ ಬರುತ್ತದೆ. ಮೊದಲನೆಯದು ಬರೀ ಕುಹಕ, ಪರಿಶೀಲಿಸುವುದಕ್ಕೆ ಏನೂ ಇಲ್ಲ. ಎರಡನೆಯದರಲ್ಲಿ ನಿಜವೂ ಇದೆ, ಉಪ್ಪು ಖಾರವೂ ಇದೆ. ಯಾವುದು ಎಷ್ಟು ಎಂದು ತಿಳಿಯಲು ಆಕೆಯ ಬದುಕನ್ನೇ ನೋಡಬೇಕಾಗುತ್ತದೆ.

ಡೊರೊಥಿ ಹುಟ್ಟಿದ್ದು 1882ರಲ್ಲಿ, ಲಂಡನ್ನಿನ ಹ್ಯಾಕ್ನಿಯಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಹುಟ್ಟು ಹೆಸರು ಎಲಿಜಬೆತ್ ಲೆವಿ. ಲೆವಿ ಎಂಬುದು ಲೆವಿಟ್ ಆಗಿದ್ದು ಆಮೇಲೆ. ಕಾರು ತಯಾರಿಸುತ್ತಿದ್ದ ನೇಪಿಯರ್ ಕಂಪನಿಯಲ್ಲಿ ತಾತ್ಕಾಲಿಕ ಸೆಕ್ರೆಟರಿಯಾಗಿ ಕೆಲಸಕ್ಕೆ ಸೇರಿದರು. ಅಲ್ಲಿ ಕಾರು ಮಾರಾಟ ಮತ್ತು ಪ್ರಚಾರ ನೋಡಿಕೊಳ್ಳುತ್ತಿದ್ದವರು ಸೆಲ್ವಿನ್ ಎಡ್ಜ್. 1902ರ ಗಾರ್ಡನ್ ಬೆನೆಟ್ ಕಪ್ ರೇಸನ್ನು ನೇಪಿಯರ್ ಕಾರಿನಲ್ಲಿ ಗೆದ್ದಿದ್ದ ಎಡ್ಜ್ ಅವರಿಗೆ, ಕಾರು ಮಾರಬೇಕಾದರೆ ಕಾರು ಸುದ್ದಿಯಲ್ಲಿರಬೇಕು ಎಂಬುದು ಚೆನ್ನಾಗಿ ಗೊತ್ತಿತ್ತು. ಒಬ್ಬ ಯುವತಿ ನೇಪಿಯರ್ ಓಡಿಸಿದರೆ ಸುದ್ದಿಯಾಗದೇ ಇರುತ್ತದೆಯೇ?

ಹೀಗೆ ಶುರುವಾದದ್ದು ಕಂಪನಿಯ ಪ್ರಚಾರ. ಇದನ್ನು ಫಾರ್ವರ್ಡ್‌ಗಳು ಹೇಳುವುದಿಲ್ಲ. ಆದರೆ ಡೊರೊಥಿ ಪ್ರಚಾರದ ಗೊಂಬೆಯಾಗಿ ಉಳಿಯಲಿಲ್ಲ ಎಂಬುದೂ ಅಷ್ಟೇ ನಿಜ. ಆಗ ಕಾರು ತಯಾರಿಕೆಯಲ್ಲಿ ಫ್ರಾನ್ಸ್ ಮುಂದಿತ್ತು. ಆಕೆ ಆರು ತಿಂಗಳು ಪ್ಯಾರಿಸ್‌ಗೆ ಹೋಗಿ ಕಾರು ತಯಾರಾಗುವ ಜಾಗದಲ್ಲೇ ನಿಂತು ಎಂಜಿನ್ ಬಿಚ್ಚುವುದು, ಜೋಡಿಸುವುದು ಕಲಿತರು. ವಾಪಸ್ ಬಂದು 1903ರಲ್ಲಿ ಸೌತ್‌ಪೋರ್ಟಿನ ವೇಗ ಸ್ಪರ್ಧೆಯಲ್ಲಿ ಓಡಿಸಿದರು. ಅದೇ ವರ್ಷ ಹೈಡ್ ಪಾರ್ಕಿನಲ್ಲಿ ಅತಿವೇಗಕ್ಕೆ ದಂಡವನ್ನೂ ಕಟ್ಟಿದರು.

1903ರಲ್ಲೇ ಇನ್ನೊಂದು ಘಟನೆ. ಐರ್ಲೆಂಡಿನ ಕಾರ್ಕ್ ಬಂದರಿನಲ್ಲಿ ಮೋಟರ್ ದೋಣಿಗಳ ಹಾರ್ಮ್ಸ್‌ವರ್ತ್ ಟ್ರೋಫಿ ಮೊದಲ ಬಾರಿ ನಡೆಯಿತು. ಗೆದ್ದ ನೇಪಿಯರ್ ದೋಣಿಯಲ್ಲಿ ಡೊರೊಥಿ ಇದ್ದರು. ಟ್ರೋಫಿಯ ದಾಖಲೆಯಲ್ಲಿರುವುದು ದೋಣಿಯನ್ನು ಸ್ಪರ್ಧೆಗಿಳಿಸಿದ ಎಡ್ಜ್ ಹೆಸರು. ಯಾರ ಕೆಲಸ, ಯಾರ ಹೆಸರು ಎಂಬ ಈ ಗೊಂದಲವನ್ನು ನೆನಪಿಟ್ಟುಕೊಳ್ಳಿ, ಕನ್ನಡಿಯ ವಿಷಯದಲ್ಲಿ ಮತ್ತೆ ಬರುತ್ತದೆ.

1905ರಲ್ಲಿ ಎಂಟು ಅಶ್ವಶಕ್ತಿಯ ಪುಟ್ಟ ಡಿ ಡಿಯಾನ್ ಕಾರಿನಲ್ಲಿ ಲಂಡನ್ನಿನಿಂದ ಲಿವರ್‌ಪೂಲಿಗೆ ಹೋಗಿ ಹಿಂತಿರುಗಿದರು. ಒಂದು ಕಡೆಗೇ ಸುಮಾರು 330 ಕಿಲೋಮೀಟರ್. ಪಕ್ಕದಲ್ಲಿ ಮೆಕ್ಯಾನಿಕ್ ಸಹಾಯವಿಲ್ಲದೆ ಮಾಡಿದ ಪ್ರಯಾಣ ಅದು. ಜೊತೆಗಿದ್ದ ಮುಖ್ಯ ಅತಿಥಿ ಡೋಡೋ ಎಂಬ ಪೊಮೆರೇನಿಯನ್ ನಾಯಿ. ಅದೇ ವರ್ಷ ಬ್ರೈಟನ್ ವೇಗ ಸ್ಪರ್ಧೆಯಲ್ಲಿ ಗಂಟೆಗೆ 79.75 ಮೈಲಿ, ಅಂದರೆ ಸುಮಾರು 128 ಕಿಲೋಮೀಟರ್. 1906ರಲ್ಲಿ ಬ್ಲ್ಯಾಕ್‌ಪೂಲಿನಲ್ಲಿ 90.88 ಮೈಲಿ, ಸುಮಾರು 146 ಕಿಲೋಮೀಟರ್. ಮಹಿಳೆಯರಲ್ಲಿ ಅದು ದಾಖಲೆಯ ವೇಗ. ಸೀಟ್ ಬೆಲ್ಟ್ ಇಲ್ಲ, ತಲೆಯ ಮೇಲೆ ಚಾವಣಿಯಿಲ್ಲ. ಇಷ್ಟಾದರೂ 1907ರಲ್ಲಿ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕ್ ತೆರೆದಾಗ ಮಹಿಳೆಯರಿಗೆ ಪ್ರವೇಶವಿಲ್ಲ ಎಂದರು. ಡೊರೊಥಿ ಜರ್ಮನಿ ಮತ್ತು ಫ್ರಾನ್ಸ್‌ನ ಸ್ಪರ್ಧೆಗಳಿಗೆ ಹೋಗಿ ಓಡಿಸಿದರು.

ಈಗ ಕನ್ನಡಿಯ ಮಾತಿಗೆ ಬರೋಣ.

1909ರಲ್ಲಿ ಆಕೆಯ ಪುಸ್ತಕ ಬಂತು, ಹೆಸರು ದಿ ವುಮನ್ ಆ್ಯಂಡ್ ದಿ ಕಾರ್. ಕಾರು ಓಡಿಸುವ, ಓಡಿಸಬೇಕೆಂದಿರುವ ಹೆಂಗಸರಿಗೆ ಹರಟೆಯ ಧಾಟಿಯಲ್ಲಿ ಬರೆದ ಕೈಪಿಡಿ ಅದು. ಕಾರ್ಬ್ಯುರೇಟರ್ ಹೇಗೆ ಕೆಲಸ ಮಾಡುತ್ತದೆ, ಸ್ಪಾರ್ಕ್ ಪ್ಲಗ್ ಹೇಗೆ ನೋಡಬೇಕು, ದೂಳಿಗೆ ಯಾವ ಬಟ್ಟೆ ಒಳ್ಳೆಯದು, ಒಂಟಿಯಾಗಿ ಹೋಗುವಾಗ ಏನು ಜೊತೆಗಿರಬೇಕು, ಎಲ್ಲವೂ ಅದರಲ್ಲಿದೆ. ರಿವಾಲ್ವರ್ ಇಟ್ಟುಕೊಳ್ಳುವ ಸಲಹೆ ಕೂಡ ಇದೆ! ಸೀಟಿನ ಕೆಳಗಿನ ಪುಟ್ಟ ಡ್ರಾಯರ್‌ನಲ್ಲಿ ಕೈಗವಸು, ಕರವಸ್ತ್ರ, ಚಾಕೊಲೇಟ್ ಇತ್ಯಾದಿ ಇಡಬೇಕು ಎನ್ನುತ್ತಾರೆ. ಅವುಗಳ ಜೊತೆಗೆ ಒಂದು ಕೈಗನ್ನಡಿ.

ಆ ಕನ್ನಡಿಗೆ ಎರಡು ಕೆಲಸ. ಪ್ರಯಾಣ ಮುಗಿದ ಮೇಲೆ ಮುಖ ನೋಡಿಕೊಳ್ಳುವುದು ಒಂದು. ಇನ್ನೊಂದು, ಓಡಿಸುತ್ತಿರುವಾಗಲೇ ಆಗಾಗ ಎತ್ತಿ ಹಿಡಿದು ಹಿಂದೆ ಏನು ಬರುತ್ತಿದೆ ಎಂದು ನೋಡುವುದು. ಇದಕ್ಕಾಗಿ ಕನ್ನಡಿ ಸ್ವಲ್ಪ ದೊಡ್ಡದಿರಲಿ, ಹಿಡಿಯಿರಲಿ ಎಂದೂ ಸೂಚಿಸುತ್ತಾರೆ. ಕತ್ತು ತಿರುಗಿಸಿದರೆ ಮುಂದಿನ ದಾರಿ ತಪ್ಪುತ್ತದೆ, ಕನ್ನಡಿಯಾದರೆ ಬಲಗೈ ಸ್ಟೀರಿಂಗ್ ಮೇಲೇ ಇರುತ್ತದೆ, ಕ್ಷಣದಲ್ಲಿ ಹಿಂದಿನದು ಕಂಡುಬಿಡುತ್ತದೆ ಎಂಬುದು ಆಕೆಯ ತರ್ಕ. ತರ್ಕ ಸರಿಯಾದದ್ದೇ. ಇಂದಿನ ಟ್ರಾಫಿಕ್‌ನಲ್ಲಿ ಒಂದು ಕೈಯಲ್ಲಿ ಕನ್ನಡಿ ಹಿಡಿದು ಓಡಿಸುವುದನ್ನು ಮಾತ್ರ ಯಾರೂ ಪ್ರಯತ್ನಿಸಬೇಡಿ.

ಈ ಸಲಹೆ ರೇಸ್ ಕಾರು ತಯಾರಿಸುವ ಗಂಡಸರಿಂದ ಬರದೆ ಒಬ್ಬ ಹೆಂಗಸಿನ ಕೈಪಿಡಿಯಲ್ಲಿ ಏಕೆ ಬಂತು? ನಮಗೆ ಈ ಪ್ರಶ್ನೆಯೇ ಮುಖ್ಯ ಅನಿಸುತ್ತದೆ. ಆ ಕಾಲದ ರೇಸ್ ಕಾರಿನಲ್ಲಿ ಚಾಲಕನ ಪಕ್ಕ ಒಬ್ಬ ಮೆಕ್ಯಾನಿಕ್ ಕೂರುತ್ತಿದ್ದ. ಹಿಂದೆ ಯಾರು ಬರುತ್ತಿದ್ದಾರೆ ಎಂದು ತಿರುಗಿ ನೋಡಿ ಹೇಳುವುದು ಅವನ ಕೆಲಸಗಳಲ್ಲಿ ಒಂದು. ಶ್ರೀಮಂತರ ಮನೆಯ ಕಾರಿಗೆ ಸಂಬಳದ ಚಾಲಕನಿರುತ್ತಿದ್ದ. ಡೊರೊಥಿ ಬರೆಯುತ್ತಿದ್ದುದು ಇವರಿಬ್ಬರೂ ಇಲ್ಲದೆ, ಒಬ್ಬಳೇ ಕಾರು ತೆಗೆದುಕೊಂಡು ಹೋಗಬೇಕೆಂದಿದ್ದ ಹೆಂಗಸಿಗೆ. ಹಿಂದೆ ನೋಡಲು ಇನ್ನೊಂದು ಜೋಡಿ ಕಣ್ಣಿಲ್ಲದವರಿಗೆ ತಾನೇ ಕನ್ನಡಿ ಬೇಕಾಗುವುದು.

ಎರಡು ವರ್ಷದ ನಂತರ ಅಮೆರಿಕದಲ್ಲಿ ಇದೇ ಪರಿಸ್ಥಿತಿ ಒಬ್ಬ ಗಂಡಸಿಗೆ ಬಂತು. 1911ರ ಮೇ 30ರಂದು ಮೊದಲ ಇಂಡಿಯಾನಾಪೊಲಿಸ್ 500 ಮೈಲಿ ರೇಸ್. ರೇ ಹ್ಯಾರೂನ್ ತಂದಿದ್ದ ಮಾರ್ಮನ್ ವಾಸ್ಪ್ ಕಾರಿನಲ್ಲಿ ಒಂದೇ ಸೀಟು, ಮೆಕ್ಯಾನಿಕ್‌ಗೆ ಜಾಗವಿಲ್ಲ. ಹಿಂದೆ ಬರುವವರು ಇವನಿಗೆ ಕಾಣುವುದಿಲ್ಲ, ಅಪಾಯ ಎಂದು ಉಳಿದ ಚಾಲಕರು ತಕರಾರು ತೆಗೆದರು. ಹ್ಯಾರೂನ್ ತನ್ನ ಮುಂದೆ ಸುಮಾರು ಮೂರು ಇಂಚು ಎತ್ತರ, ಎಂಟು ಇಂಚು ಅಗಲದ ಕನ್ನಡಿ ಬಿಗಿದು ತಕರಾರನ್ನು ಬಾಯಿ ಮುಚ್ಚಿಸಿದರು, ರೇಸನ್ನೂ ಗೆದ್ದರು. ಸರಾಸರಿ ವೇಗ ಗಂಟೆಗೆ 74.602 ಮೈಲಿ, ಅಂದರೆ 120 ಕಿಲೋಮೀಟರ್. ಆದರೆ ಇಟ್ಟಿಗೆ ಹಾಸಿದ ಆ ಟ್ರ್ಯಾಕಿನಲ್ಲಿ ಕನ್ನಡಿ ಎಷ್ಟು ನಡುಗುತ್ತಿತ್ತೆಂದರೆ ಅದರಲ್ಲಿ ಏನೂ ಕಾಣಲಿಲ್ಲ ಎಂದು ಮುಂದೆ ಹ್ಯಾರೂನ್ ಅವರೇ ಒಪ್ಪಿಕೊಂಡರು. ಏನೂ ಕಾಣದ ಆ ಕನ್ನಡಿಯೇ ಎಷ್ಟೋ ಕಡೆ ಜಗತ್ತಿನ ಮೊದಲ ರಿಯರ್ ವ್ಯೂ ಮಿರರ್ ಎಂದು ಹೆಸರಾಯಿತು.

ಹಾಗಾದರೆ ಮೊದಲಿಗರು ಡೊರೊಥಿ ಎನ್ನೋಣವೇ? ಅದೂ ಆಗುವುದಿಲ್ಲ. 1906ರಲ್ಲೇ ಅಮೆರಿಕದ ವಾಹನ ಪತ್ರಿಕೆಯೊಂದು, ಮುಚ್ಚಿದ ಕಾರುಗಳಲ್ಲಿ ಹಿಂದಿನದನ್ನು ತೋರಿಸುವ ಕನ್ನಡಿಗಳು ಜನಪ್ರಿಯವಾಗುತ್ತಿವೆ ಎಂದು ಬರೆದಿತ್ತು. ಹ್ಯಾರೂನ್ ಕೂಡ ತನಗೆ ಈ ಉಪಾಯ ಹೊಳೆದದ್ದು 1904ರಲ್ಲಿ ಷಿಕಾಗೋದ ಕುದುರೆ ಗಾಡಿಯೊಂದರ ಮೇಲಿದ್ದ ಕನ್ನಡಿ ನೋಡಿ ಎಂದು ಹೇಳಿಕೊಂಡಿದ್ದರು. ಕನ್ನಡಿಯನ್ನು ಕಾರಿಗೆ ಜೋಡಿಸಿ ಮಾರುವ ವಸ್ತುವಾಗಿ ಮಾಡಿದ ಕೀರ್ತಿ ಸಾಮಾನ್ಯವಾಗಿ ಅಮೆರಿಕದ ಎಲ್ಮರ್ ಬರ್ಗರ್ ಅವರಿಗೆ ಸಲ್ಲುತ್ತದೆ, ಅದು 1921ರ ಸುಮಾರಿಗೆ. ಹಿಂದೆ ಪೊಲೀಸರು ಬಂದರೆ ಗೊತ್ತಾಗಲಿ ಎಂಬ ಅರ್ಥದ ಹೆಸರಿನಲ್ಲಿ ಅದನ್ನು ಮಾರುತ್ತಿದ್ದರು! ಆದ್ದರಿಂದ ಫಾರ್ವರ್ಡ್‌ನಲ್ಲಿ ಕಂಡುಹಿಡಿದರು ಎಂದಿದ್ದರೆ ಅದು ತಪ್ಪು. ಹ್ಯಾರೂನ್‌ಗಿಂತ ಎರಡು ವರ್ಷ ಮೊದಲೇ ಸಾಮಾನ್ಯ ಚಾಲಕಿಯರಿಗೆ ಇದನ್ನು ಪುಸ್ತಕದಲ್ಲಿ ಹೇಳಿಕೊಟ್ಟಿದ್ದರು ಎಂದಿದ್ದರೆ ಅದು ಸರಿ.

ಆಕೆ ಬರೆದ ತೊಂದರೆ ಇನ್ನೂ ಮುಗಿದಿಲ್ಲ. ಮೋಟರ್‌ಹೋಮ್, ಅಂದರೆ ಅಡುಗೆಮನೆ, ಹಾಸಿಗೆ ಎಲ್ಲ ಇರುವ ಕ್ಯಾರವಾನ್ ಗಾಡಿಯನ್ನೇ ತೆಗೆದುಕೊಳ್ಳಿ. ಚಾಲಕನ ಹಿಂದೆ ಇಡೀ ಮನೆ ಇರುತ್ತದೆ. ಒಳಗಿನ ಕನ್ನಡಿಯಲ್ಲಿ ನೋಡಿದರೆ ಬೀರು ಕಾಣುತ್ತದೆಯೇ ಹೊರತು ರಸ್ತೆಯಲ್ಲ. ಹಿಂದಿನ ಚಕ್ರದಾಚೆಗೂ ಗಾಡಿಯ ಮೈ ಉದ್ದಕ್ಕೆ ಚಾಚಿರುವುದರಿಂದ, ಎಡಕ್ಕೆ ತಿರುಗಿಸಿದಾಗ ಬಾಲ ಬಲಕ್ಕೆ ಹೊರಳುತ್ತದೆ. ಹಾಗಾಗಿ ಉದ್ದ ತೋಳಿನ ಸೈಡ್ ಮಿರರ್ ಬೇಕು. ಅದರಲ್ಲೂ ಎರಡು ಬಗೆ. ಸಮತಲ ಕನ್ನಡಿ ದೂರವನ್ನು ಸರಿಯಾಗಿ ತೋರಿಸುತ್ತದೆ, ಆದರೆ ಕಾಣುವ ಜಾಗ ಕಡಿಮೆ. ಉಬ್ಬಿದ ಕನ್ನಡಿ, ಶಾಲೆಯಲ್ಲಿ ಪೀನ ದರ್ಪಣ ಎಂದು ಓದಿದೆವಲ್ಲ, ಅದು ಹೆಚ್ಚು ಜಾಗ ತೋರಿಸುತ್ತದೆ, ಆದರೆ ಎಲ್ಲವನ್ನೂ ಚಿಕ್ಕದಾಗಿಸುತ್ತದೆ. ಚಿಕ್ಕದಾಗಿ ಕಂಡದ್ದನ್ನು ನಮ್ಮ ಮೆದುಳು ದೂರದಲ್ಲಿದೆ ಎಂದು ಓದಿಕೊಳ್ಳುತ್ತದೆ. ಕನ್ನಡಿಯಲ್ಲಿ ಕಾಣುವುದಕ್ಕಿಂತ ವಾಹನ ಹತ್ತಿರದಲ್ಲಿದೆ ಎಂಬ ಎಚ್ಚರಿಕೆ ಗಾಜಿನ ಮೇಲಿರುವುದು ಇದಕ್ಕೇ. ದೊಡ್ಡ ಗಾಡಿಗಳಿಗೆ ಎರಡನ್ನೂ ಒಂದರ ಕೆಳಗೊಂದು ಹಾಕಿರುತ್ತಾರೆ.

ಎರಡೂ ಸೇರಿ ತೋರಿಸದ ಒಂದು ಜಾಗ ಉಳಿಯುತ್ತದೆ. ಅದು ಗಾಡಿಯ ಬೆನ್ನ ಹಿಂದೆಯೇ, ಒಂದು ಮಗು ನಿಂತಿರಬಹುದಾದ ಜಾಗ. ನಮ್ಮ ಬಸ್‌ಗಳಲ್ಲಿ ರಿವರ್ಸ್ ತೆಗೆಯುವಾಗ ಕಂಡಕ್ಟರ್ ಇಳಿದು ಸೀಟಿ ಊದುತ್ತಾರಲ್ಲ, ಅದು ಈ ಜಾಗಕ್ಕಾಗಿ. ಹಳೆಯ ರೇಸ್ ಕಾರಿನ ಮೆಕ್ಯಾನಿಕ್ ಮಾಡುತ್ತಿದ್ದ ಕೆಲಸವೇ ಅದು. ಒಬ್ಬರೇ ಇದ್ದಾಗ ಅದನ್ನು ಕ್ಯಾಮೆರಾ ಮಾಡಬೇಕು. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯ. ಭಾರತದಲ್ಲಿ 2019ರ ಜುಲೈನಿಂದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ. ಸೆನ್ಸರ್ ಬರೀ ಸದ್ದು ಮಾಡುತ್ತದೆ, ತೋರಿಸುವುದಿಲ್ಲ.

ಕ್ಯಾಮೆರಾ ಇದ್ದರೆ ಕನ್ನಡಿ ಬೇಡ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ಸಮತಲ ಕನ್ನಡಿಯಲ್ಲಿ ನೋಡುವಾಗ ನಿಮ್ಮ ಕಣ್ಣು ದೂರದ ವಸ್ತುವಿಗೇ ಹೊಂದಿಕೊಂಡಿರುತ್ತದೆ, ಏಕೆಂದರೆ ಬಿಂಬವೂ ಅಷ್ಟೇ ದೂರದಲ್ಲಿರುತ್ತದೆ. ಪರದೆಯಾದರೆ ಅಂಗೈ ದೂರದಲ್ಲಿ. ರಸ್ತೆಯಿಂದ ಪರದೆಗೆ, ಪರದೆಯಿಂದ ರಸ್ತೆಗೆ ಕಣ್ಣು ಪ್ರತಿ ಸಲ ಹೊಂದಿಕೊಳ್ಳಬೇಕು. ಓದಲು ಕನ್ನಡಕ ಬೇಕಾಗುವ ವಯಸ್ಸಿನವರಿಗೆ ಇದು ತಡವಾಗುತ್ತದೆ. ಲೆನ್ಸಿನ ಮೇಲೆ ಕೆಸರು ಹಾರಿದರಂತೂ ಏನೂ ಕಾಣದು. ಇನ್ನೊಂದು ವಿಷಯ: ಹಿಂಬದಿ ಕ್ಯಾಮೆರಾದ ಚಿತ್ರವನ್ನು ಎಡಬಲ ತಿರುಗಿಸಿಯೇ ಪರದೆಗೆ ಕಳಿಸುತ್ತಾರೆ. ಹಾಗೆ ಮಾಡದಿದ್ದರೆ ಎಡಗಡೆಯ ಕಂಬ ಪರದೆಯ ಬಲಗಡೆ ಕಾಣಿಸುತ್ತಿತ್ತು. ಅಂದರೆ ಕ್ಯಾಮೆರಾವನ್ನು ಕೂಡ ಕನ್ನಡಿಯಂತೆ ನಡೆದುಕೊಳ್ಳುವಂತೆ ಮಾಡಿದ್ದಾರೆ.

ಡೊರೊಥಿ ಇದಾವುದನ್ನೂ ನೋಡಲಿಲ್ಲ. 1910ರ ಸುಮಾರಿಗೆ ವಿಮಾನ ಹಾರಿಸುವುದನ್ನು ಕಲಿಯಲು ಹೊರಟರು. ಅಲ್ಲಿಂದಾಚೆಗೆ ಪತ್ರಿಕೆಗಳಲ್ಲಿ ಆಕೆಯ ಹೆಸರು ಕಾಣುವುದು ನಿಂತೇ ಹೋಗುತ್ತದೆ. 1922ರ ಮೇ 17ರಂದು ಲಂಡನ್ನಿನ ಅಪ್ಪರ್ ಬೇಕರ್ ಸ್ಟ್ರೀಟಿನ ಮನೆಯಲ್ಲಿ, ಹಾಸಿಗೆಯ ಮೇಲೆ ಸತ್ತಿರುವುದು ಕಂಡುಬಂತು. ವಯಸ್ಸು 40. ಹೃದಯದ ಕಾಯಿಲೆಯಿತ್ತು, ಜೊತೆಗೆ ದಡಾರ ಬಂದಿತ್ತು. ಮಾರ್ಫೀನ್ ಹೆಚ್ಚಾಗಿ ಆದ ಸಾವು, ಆಕಸ್ಮಿಕ ಎಂದು ವಿಚಾರಣೆಯಲ್ಲಿ ತೀರ್ಮಾನಿಸಿದರು. ಮದುವೆಯಾಗಿರಲಿಲ್ಲ. ಉಳಿದಿದ್ದ ಸುಮಾರು 224 ಪೌಂಡ್ ಹಣ ತಂಗಿಗೆ ಹೋಯಿತು. ಮರಣಪತ್ರದಲ್ಲಿ ಲೆವಿಟ್ ಎಂಬ ಹೆಸರಿಲ್ಲ, ಹುಟ್ಟಿದಾಗಿನ ಲೆವಿ ಎಂದೇ ಇದೆ.