ಮೆಕ್ಕೆಜೋಳದ ವಿದುಷಿ ಬಾರ್ಬರಾ ಮೆಕ್ಲಿಂಟಾಕ್

ನಮ್ಮೂರಿನಲ್ಲಿ ಮೆಕ್ಕೆಜೋಳದ ತೆನೆಯನ್ನು ಸುಲಿಯದ ಕೈಯೇ ಇಲ್ಲ. ಸುಗ್ಗಿಯ ದಿನಗಳಲ್ಲಿ ಅಂಗಳದ ರಾಶಿಯ ಸುತ್ತ ಕುಳಿತು ನಾನೂ ಎಷ್ಟೋ ಸಂಜೆ ಕಾಳು ಬಿಡಿಸಿದ್ದೇನೆ. ಆದರೆ ಒಂದು ಕಾಳನ್ನಾದರೂ ನಿಜವಾಗಿ ನೋಡಿದ್ದೆನೆಂದು ಹೇಳಲಾರೆ. ಅದೇ ಕಾಳನ್ನು ಜೀವಮಾನವೆಲ್ಲ ನೋಡುತ್ತ ಕುಳಿತ ಹೆಂಗಸೊಬ್ಬಳ ಕಥೆಯನ್ನು ಕಾಲೇಜಿನ ಪುಸ್ತಕಭಂಡಾರದಲ್ಲಿ ಓದಿದಂದಿನಿಂದ, ಆಕೆಯ ವಿಷಯವನ್ನು ನಾಲ್ಕು ಜನರಿಗೆ ತಿಳಿಸಬೇಕೆಂಬ ಆಸೆಯಾಯಿತು. ನಾನು ಬಿ.ಎ. ತರಗತಿಯವಳು. ವಿಜ್ಞಾನದ ಭಾಗವನ್ನು ವಸತಿಗೃಹದ ಬಿ.ಎಸ್‌ಸಿ. ಗೆಳತಿಯೊಬ್ಬಳಿಂದ ಹೇಳಿಸಿಕೊಂಡು ಬರೆದಿದ್ದೇನೆ. ವಾಚಕರು ಸಹನೆಯಿಂದ ಓದಬೇಕು.

ಬಾರ್ಬರಾ ಮೆಕ್ಲಿಂಟಾಕ್ 1902ನೆಯ ಇಸವಿ ಜೂನ್ 16ರಂದು ಅಮೆರಿಕಾ ದೇಶದ ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ನಗರದಲ್ಲಿ ಜನಿಸಿದಳು. ಮೊದಲು ಇಟ್ಟ ಹೆಸರು ಎಲಿನಾರ್. ಆ ಮೃದುವಾದ ಹೆಸರು ಈ ಹುಡುಗಿಗೆ ಒಪ್ಪದೆಂದು ತಂದೆತಾಯಿಗಳೇ ಅದನ್ನು ಬದಲಿಸಿದರಂತೆ. ತಂದೆ ಥಾಮಸ್ ಹೋಮಿಯೋಪತಿ ವೈದ್ಯ. 1908ರಲ್ಲಿ ಸಂಸಾರವು ನ್ಯೂಯಾರ್ಕಿನ ಬ್ರೂಕ್ಲಿನ್ನಿಗೆ ಬಂದು ನೆಲಸಿತು. ಅಲ್ಲಿನ ಪ್ರೌಢಶಾಲೆಯಲ್ಲಿ ಆಕೆಗೆ ವಿಜ್ಞಾನದ ರುಚಿ ಹತ್ತಿತು. ಮುಂದೆ ಕಾಲೇಜು ಎಂದಾಗ ಮಾತ್ರ ತಾಯಿ ಸಾರಾ ಒಪ್ಪಲಿಲ್ಲ. ಹೆಚ್ಚು ಓದಿದ ಹುಡುಗಿಗೆ ಗಂಡು ಸಿಕ್ಕುವುದಿಲ್ಲವೆಂಬುದೇ ಆಕೆಯ ಭಯ. ಇದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಪಿ.ಯು.ಸಿ. ಮುಗಿದ ಬೇಸಗೆಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿಯೂ ಇದೇ ಮಾತು, ಹೆಚ್ಚುಕಡಮೆ ಇದೇ ಧಾಟಿಯಲ್ಲಿ ನಡೆದಿತ್ತು. ನನ್ನ ಪಾಲಿಗೆ ಸೋದರಮಾವ ನಡುವೆ ಬಂದು ಅರ್ಜಿಯ ಹಣ ಕಟ್ಟಿದರು. ಬಾರ್ಬರಾಳ ಪಾಲಿಗೆ ಮಹಾಯುದ್ಧದ ಸೇವೆಯಿಂದ ಹಿಂದಿರುಗಿದ ತಂದೆ ಹೂಂ ಎಂದನು. 1919ರಲ್ಲಿ ಆಕೆ ಇಥಾಕಾ ಪಟ್ಟಣದ ಕಾರ್ನೆಲ್ ವಿಶ್ವವಿದ್ಯಾನಿಲಯದ ಕೃಷಿ ಕಾಲೇಜನ್ನು ಸೇರಿದಳು.

ಅಲ್ಲಿ 1927ರೊಳಗೆ ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟು ದೊರೆಯಿತು. ಆಗಿನ್ನೂ ಸೂಕ್ಷ್ಮದರ್ಶಕದ ಕೆಳಗೆ ಮೆಕ್ಕೆಜೋಳದ ವರ್ಣತಂತುಗಳು ಒಂದಕ್ಕೊಂದು ಹೆಣೆದುಕೊಂಡ ದಾರದ ಗಂಟುಗಳಂತೆ ಕಾಣುತ್ತಿದ್ದುವು. ಆಕೆ ಬಣ್ಣ ಹಾಕುವ ವಿಧಾನವನ್ನು ತಿದ್ದಿ, ಹತ್ತು ಜೊತೆ ತಂತುಗಳಲ್ಲಿ ಇದು ಒಂದನೆಯದು, ಇದು ಒಂಬತ್ತನೆಯದು ಎಂದು ಗುರುತು ಹಿಡಿಯುವಂತೆ ಮಾಡಿದಳು. 1931ರಲ್ಲಿ ಶಿಷ್ಯೆ ಹ್ಯಾರಿಯೆಟ್ ಕ್ರೈಟನ್ನಳೊಡನೆ ಪ್ರಕಟಿಸಿದ ಲೇಖನ ಇನ್ನೂ ದೊಡ್ಡದು. ತಾಯಿಯ ಕಡೆಯ ತಂತುವೂ ತಂದೆಯ ಕಡೆಯ ತಂತುವೂ ತುಂಡುಗಳನ್ನು ಅದಲುಬದಲು ಮಾಡಿಕೊಂಡಾಗಲೇ ಸಂತತಿಯಲ್ಲಿ ಗುಣಗಳೂ ಹೊಸ ಜೋಡಣೆ ಪಡೆಯುತ್ತವೆಂಬುದನ್ನು ಅದು ಕಣ್ಣಿಗೇ ತೋರಿಸಿತು.

ಇಷ್ಟಾದರೂ ಕಾರ್ನೆಲ್ಲಿನಲ್ಲಿ ಆಕೆಗೊಂದು ಕಾಯಂ ಹುದ್ದೆ ಸಿಕ್ಕಲಿಲ್ಲ. ವಿದ್ಯಾರ್ಥಿವೇತನಗಳ ಮೇಲೆ ಊರೂರು ತಿರುಗಿದಳು. 1933ರಲ್ಲಿ ಜರ್ಮನಿಗೆ ಹೋಗಿ, ಹಿಟ್ಲರನ ಆಳ್ವಿಕೆಯನ್ನು ಕಂಡು ಅವಧಿಗೆ ಮುಂಚೆಯೇ ಹಿಂದಿರುಗಿದಳು. 1936ರಿಂದ ಮಿಸೌರಿ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡಿದಳು. ಅಲ್ಲಿಯೂ ಮುಂದಿನ ದಾರಿ ಕಾಣದೆ ಬಿಟ್ಟು ಬಂದಳು. 1941ರ ಕೊನೆಗೆ ನ್ಯೂಯಾರ್ಕ್ ಬಳಿಯ ಸಮುದ್ರತೀರದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಸಂಶೋಧನಾಲಯದಲ್ಲಿ ನೆಲೆ ದೊರೆಯಿತು. ಪಾಠ ಹೇಳುವ ಹೊಣೆಯಿಲ್ಲ. ಒಂದು ಹೊಲ, ಒಂದು ಸೂಕ್ಷ್ಮದರ್ಶಕ. ಆಕೆಗೆ ಬೇಕಾದುದೂ ಅಷ್ಟೇ.

ಇಲ್ಲಿಂದ ಮುಂದಿನದು ಕಾಳಿನ ಕಥೆ. ನಮ್ಮ ಹೊಲದ ತೆನೆಯಲ್ಲಿ ಎಲ್ಲ ಕಾಳೂ ಒಂದೇ ಹಳದಿ. ಆಕೆಯ ತೆನೆಗಳಲ್ಲಿ ನೇರಳೆ ಕಾಳುಗಳಿದ್ದುವು, ಬಣ್ಣವಿಲ್ಲದವು ಇದ್ದುವು, ಮತ್ತೆ ಬಣ್ಣವಿಲ್ಲದ ಮೈಮೇಲೆ ನೇರಳೆ ಚುಕ್ಕೆ ಚೆಲ್ಲಿದವೂ ಇದ್ದುವು. ತೆನೆಯ ತುದಿಯಲ್ಲಿ ಕೂದಲಿರುತ್ತದಷ್ಟೆ. ಆ ಒಂದೊಂದು ಎಳೆಯೂ ಒಂದೊಂದು ಪರಾಗದ ಕಣವನ್ನು ಹಿಡಿದಾಗ ಒಂದೊಂದು ಕಾಳು ಹುಟ್ಟುತ್ತದೆ. ಎಂದರೆ ಒಂದು ತೆನೆಯೆಂಬುದು ನೂರಾರು ಒಡಹುಟ್ಟಿದವರು ಒಂದೇ ದಿಂಡಿನ ಮೇಲೆ ಸಾಲಾಗಿ ಕುಳಿತ ಹಾಗೆ! ಗಾಳಿಯು ಸಿಕ್ಕಸಿಕ್ಕ ಪರಾಗವನ್ನು ತಾರದಂತೆ ತೆನೆಗೆ ಚೀಲ ಕಟ್ಟಿ, ತಕ್ಕ ಸಮಯಕ್ಕೆ ಬೇಕಾದ ಗಿಡದ ಪರಾಗವನ್ನೇ ಉದುರಿಸಿ, ಯಾವ ಕಾಳು ಯಾರ ಮಗು ಎಂಬ ಲೆಕ್ಕವನ್ನು ಇಡುತ್ತಿದ್ದಳು.

ಚುಕ್ಕೆಗಳೇಕೆ? 1944ರಿಂದ ಹಲವು ಬೆಳೆಗಳನ್ನು ತೆಗೆದು, 1948ರ ಹೊತ್ತಿಗೆ ಆಕೆ ಒಂದು ನಿರ್ಣಯಕ್ಕೆ ಬಂದಳು. ವರ್ಣತಂತುವಿನ ಮೇಲೆ ವಂಶವಾಹಿಗಳು ದಾರಕ್ಕೆ ಪೋಣಿಸಿದ ಮಣಿಗಳಂತೆ ತಮ್ಮ ತಮ್ಮ ಜಾಗದಲ್ಲಿ ಸ್ಥಿರವಾಗಿವೆಯೆಂದು ಎಲ್ಲರೂ ನಂಬಿದ್ದ ಕಾಲವದು. ಆಕೆ ಕಂಡದ್ದು, ಜಾಗ ಬಿಟ್ಟು ಜಾಗಕ್ಕೆ ಹೋಗಿ ಕೂರುವ ತುಣುಕೊಂದನ್ನು. ಅದಕ್ಕೆ ಡಿಸೋಸಿಯೇಷನ್ ಎಂದು ಹೆಸರಿಟ್ಟಳು. ಅದು ಬಣ್ಣದ ವಂಶವಾಹಿಯೊಳಗೆ ಹೋಗಿ ಕುಳಿತರೆ ಕಾಳು ಬಣ್ಣಗೆಡುತ್ತದೆ. ಕಾಳು ಬಲಿಯುತ್ತಿರುವಾಗ ಯಾವುದೋ ಒಂದು ಜೀವಕೋಶದಲ್ಲಿ ಅದು ಎದ್ದು ಹೋದರೆ ಆ ಕೋಶದ ಸಂತಾನಕ್ಕೆಲ್ಲ ಬಣ್ಣ ಮರಳುತ್ತದೆ, ಅದೇ ಚುಕ್ಕೆ. ಬೇಗ ಎದ್ದರೆ ದೊಡ್ಡ ಮಚ್ಚೆ, ತಡವಾಗಿ ಎದ್ದರೆ ಸಾಸಿವೆಯಷ್ಟು. ಆದರೆ ಅದು ತಾನಾಗಿ ಏಳಲಾರದು. ಆಕ್ಟಿವೇಟರ್ ಎಂಬ ಇನ್ನೊಂದು ತುಣುಕು ಆ ಜೀವಕೋಶದಲ್ಲಿ ಇರಲೇಬೇಕು.

ಇಷ್ಟನ್ನೂ ಆಕೆ ಚುಕ್ಕೆಯ ಗಾತ್ರವನ್ನು ನೋಡಿಯೇ ಓದಿದಳೆಂಬುದು ನನಗೆ ಈಗಲೂ ಆಶ್ಚರ್ಯ. ಡಿ.ಎನ್.ಎ.ಯ ರಚನೆ ಲೋಕಕ್ಕೆ ತಿಳಿದದ್ದು 1953ರಲ್ಲಿ.

ಎದ್ದು ಕೂರುವ ತುಣುಕಿಗಿಂತ ಆಕೆಯ ಮನಸ್ಸನ್ನು ಹಿಡಿದದ್ದು ಬೇರೊಂದು ಪ್ರಶ್ನೆ. ಒಂದು ಗಿಡದ ಎಲೆಯಲ್ಲೂ ಬೇರಿನಲ್ಲೂ ಕಾಳಿನಲ್ಲೂ ಇರುವ ವಂಶವಾಹಿಗಳು ಅವೇ; ಹಾಗಾದರೆ ಎಲೆ ಎಲೆಯೇ ಆಗಿ, ಬೇರು ಬೇರೇ ಆಗಿ ಬೆಳೆಯುವುದು ಹೇಗೆ? ಯಾವುದು ಯಾವಾಗ ದುಡಿಯಬೇಕು, ಯಾವಾಗ ಸುಮ್ಮನಿರಬೇಕು ಎಂದು ಅಪ್ಪಣೆ ಕೊಡುವವರು ಯಾರು? ಈ ತುಣುಕುಗಳೇ ಆ ಯಜಮಾನರೆಂದು ಆಕೆ ಬಗೆದು, ಅವನ್ನು ನಿಯಂತ್ರಕಗಳೆಂದು ಕರೆದಳು. 1951ರ ಬೇಸಗೆಯಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರಿನ ವಿದ್ವತ್ಸಭೆಯಲ್ಲಿ ಇದನ್ನೆಲ್ಲ ವಿವರಿಸಿದಾಗ ಹೆಚ್ಚಿನವರಿಗೆ ತಲೆಬುಡ ತಿಳಿಯಲಿಲ್ಲ. ನೊಂದ ಆಕೆ 1953ರ ಅನಂತರ ಈ ವಿಷಯದ ವಿವರಗಳನ್ನು ದೊಡ್ಡ ಪತ್ರಿಕೆಗಳಿಗೆ ಕಳುಹಿಸುವುದನ್ನು ಬಹುಮಟ್ಟಿಗೆ ಬಿಟ್ಟು, ಸಂಸ್ಥೆಯ ವಾರ್ಷಿಕ ವರದಿಗಳಲ್ಲೇ ಬರೆದಿಟ್ಟಳು.

ಲೋಕವೆಲ್ಲ ಆಕೆಯನ್ನು ನಂಬದೆ ಹಾಸ್ಯ ಮಾಡಿತೆಂದು ಬರೆಯುವುದು ವಾಡಿಕೆಯಾಗಿದೆ. ನನಗೆ ಅದು ಪೂರ್ತಿ ನ್ಯಾಯವೆಂದು ತೋರುವುದಿಲ್ಲ. ಆಕೆ 1944ರಲ್ಲೇ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾಗಿದ್ದಳು. 1945ರಲ್ಲಿ ಅಮೆರಿಕಾದ ತಳಿಶಾಸ್ತ್ರ ಸಂಘಕ್ಕೆ ಅಧ್ಯಕ್ಷಳಾಗಿದ್ದಳು. ತುಣುಕುಗಳು ಸ್ಥಳ ಬದಲಿಸುವುದನ್ನು ಮೆಕ್ಕೆಜೋಳದ ಇತರ ಪಂಡಿತರೂ ಕೆಲವೇ ವರ್ಷಗಳಲ್ಲಿ ಕಂಡರು. ಜನ ಒಪ್ಪದಿದ್ದುದು ಯಜಮಾನಿಕೆಯ ಮಾತನ್ನು. ಆಕೆಗೆ ಪ್ರಾಣವಾಗಿದ್ದುದೂ ಅದೇ.

1961ರಲ್ಲಿ ಫ್ರಾನ್ಸಿನ ಜಾಕಬ್ ಮತ್ತು ಮೊನೊ ಎಂಬುವರು ಬ್ಯಾಕ್ಟೀರಿಯಾದಲ್ಲಿ ಒಂದು ವಂಶವಾಹಿಯನ್ನು ಇನ್ನೊಂದು ತಡೆದು ಹಿಡಿಯುವ ರೀತಿಯನ್ನು ವಿವರಿಸಿದರು. ಅದನ್ನು ಓದಿ ಆಕೆಗೆ ಹಿಗ್ಗು. ಅದೇ ವರ್ಷ ತನ್ನ ಜೋಳಕ್ಕೂ ಅವರ ಬ್ಯಾಕ್ಟೀರಿಯಾಕ್ಕೂ ಇರುವ ಹೋಲಿಕೆಯನ್ನು ಕುರಿತು ಲೇಖನ ಬರೆದಳು. ಇನ್ನೊಂದು ತುಣುಕು ಕೆಲವು ಪೀಳಿಗೆ ಮಲಗಿದ್ದು, ತಾನು ಕಳೆದುಹೋಗದೆ ಮತ್ತೆ ಎಚ್ಚರಗೊಳ್ಳುವುದನ್ನೂ ಗಮನಿಸಿದ್ದಳು. ಡಿ.ಎನ್.ಎ.ಗೆ ಮೀಥೈಲ್ ಎಂಬ ಚಿಕ್ಕ ಗುಂಪು ಅಂಟಿಕೊಂಡಾಗ ತುಣುಕು ಮಲಗುತ್ತದೆ, ಅಕ್ಷರ ಮಾತ್ರ ಬದಲಾಗುವುದಿಲ್ಲ ಎಂದು 1980ರ ದಶಕದಲ್ಲಿ ತಿಳಿಯಿತು. ಇಂದು ಎಪಿಜೆನೆಟಿಕ್ಸ್ ಎನ್ನುವ ಶಾಸ್ತ್ರದ ವಿಷಯವಿದು.

ಅಷ್ಟರಲ್ಲಿ ಬ್ಯಾಕ್ಟೀರಿಯಾ, ನೊಣ, ಮನುಷ್ಯ ಎಲ್ಲರಲ್ಲೂ ಇಂಥ ಅಲೆಮಾರಿ ತುಣುಕುಗಳು ಸಿಕ್ಕಿದ್ದುವು. ನಮ್ಮ ಡಿ.ಎನ್.ಎ.ಯಲ್ಲಿಯೇ ಸುಮಾರು ಅರ್ಧ ಭಾಗ ಅವುಗಳಿಂದ ಬಂದುದಂತೆ. 1983ರ ಅಕ್ಟೋಬರಿನಲ್ಲಿ, 81ನೆಯ ವಯಸ್ಸಿನಲ್ಲಿ, ನೊಬೆಲ್ ಬಹುಮಾನ ಆಕೆಗೆ ಬಂದಿತು. ವೈದ್ಯಶಾಸ್ತ್ರದ ಬಹುಮಾನವನ್ನು ಯಾರೊಡನೆಯೂ ಹಂಚಿಕೊಳ್ಳದೆ ಪಡೆದ ಮೊದಲ ಮಹಿಳೆ ಆಕೆ. ಮನೆಯಲ್ಲಿ ಟೆಲಿಫೋನು ಇರಲಿಲ್ಲ. ಸುದ್ದಿ ಕೇಳಿದ್ದು ರೇಡಿಯೋದಲ್ಲಿ. ಆದರೆ ಬಹುಮಾನದ ಒಕ್ಕಣೆಯಲ್ಲಿದ್ದುದು ಸ್ಥಳ ಬದಲಿಸುವ ತುಣುಕುಗಳ ಮಾತು ಮಾತ್ರ, ಯಜಮಾನಿಕೆಯ ಮಾತಲ್ಲ. ಗಿಡದ ಬೆಳವಣಿಗೆಯನ್ನೆಲ್ಲ ಅವೇ ನಡೆಸುತ್ತವೆಂಬ ಆಕೆಯ ಊಹೆ ಆ ರೂಪದಲ್ಲಿ ನಿಲ್ಲಲಿಲ್ಲ. ಕೆಲವೆಡೆ ಅವು ನೆರೆಯ ವಂಶವಾಹಿಯ ಕೆಲಸವನ್ನು ತಿದ್ದುತ್ತವೆಂಬಷ್ಟು ಮಾತ್ರ ಉಳಿದಿದೆ.

ಆಕೆ ಮದುವೆಯಾಗಲಿಲ್ಲ. ಕೊನೆಯವರೆಗೂ ಕೋಲ್ಡ್ ಸ್ಪ್ರಿಂಗ್ ಹಾರ್ಬರನ್ನು ಬಿಡಲಿಲ್ಲ. 1992ರ ಸೆಪ್ಟೆಂಬರ್ 2ರಂದು, ಅಲ್ಲಿಗೆ ಸಮೀಪದ ಹಂಟಿಂಗ್‌ಟನ್ನಿನಲ್ಲಿ ತೀರಿಕೊಂಡಾಗ ಆಕೆಗೆ ತೊಂಬತ್ತು ವರ್ಷ. ಕಳೆದ ದೀಪಾವಳಿಯ ರಜೆಯಲ್ಲಿ ಕಾಳು ಬಿಡಿಸುತ್ತ ಅವ್ವನಿಗೆ ಈ ಕಥೆಯನ್ನು ಹೇಳಿದೆ. ಅವ್ವ ನೊಬೆಲ್ಲಿನ ವಿಷಯ ಕೇಳಲಿಲ್ಲ, ಮದುವೆಯ ವಿಷಯವನ್ನೂ ಕೇಳಲಿಲ್ಲ. ಚುಕ್ಕೆಯ ಕಾಳು ಹೇಗಿರುತ್ತದೆಂದು ಕೇಳಿ, ರಾಶಿಯಿಂದ ಒಂದೊಂದೇ ತೆನೆಯನ್ನು ದೀಪದ ಬೆಳಕಿಗೆ ತಿರುಗಿಸಿ ನೋಡತೊಡಗಿದಳು.