ಗೇರಿನ ಪೆಟ್ಟಿಗೆಯ ಹಿಂದಿನ ಮನುಷ್ಯ: ಎಮಿಲ್ ಲೆವಾಸೋರ್



ಕಲ್ಲೂರಿನ ಎರೆಹೊಲದಲ್ಲಿ ಪಲ್ಟಿ ನೇಗಿಲು ಹೂಡಿದಾಗ ನೀವು ಟ್ರ್ಯಾಕ್ಟರನ್ನು ಕೆಳಗಿನ ಗೇರಿಗೆ ಹಾಕುತ್ತೀರಿ. ಅದೇ ಟ್ರ್ಯಾಕ್ಟರು ಹತ್ತಿ ಹೇರಿಕೊಂಡು ರಾಯಚೂರಿನ ಮಾರುಕಟ್ಟೆಗೆ ಹೊರಟಿತೆಂದರೆ ಮೇಲಿನ ಗೇರು. ಇಂಜಿನ್ ಅದೇ, ಡೀಸೆಲ್ ಅದೇ. ಹೊಲದಲ್ಲಿ ಎತ್ತಿನ ಎಳೆತ, ರಸ್ತೆಯಲ್ಲಿ ಕುದುರೆಯ ಓಟ. ಈ ಎರಡು ಗುಣಗಳನ್ನು ಒಂದೇ ಇಂಜಿನ್ನಿನಿಂದ ಪಡೆಯುವ ಕೆಲಸ ನಿಮ್ಮ ಕಾಲುಗಳ ನಡುವೆ ಇರುವ ಕಬ್ಬಿಣದ ಪೆಟ್ಟಿಗೆಯದು. ಇಂಜಿನ್ ಮುಂದೆ, ಅದರ ಹಿಂದೆ ಕ್ಲಚ್ಚು, ಅದರ ಹಿಂದೆ ಗೇರಿನ ಪೆಟ್ಟಿಗೆ, ಕೊನೆಗೆ ಹಿಂದಿನ ಗಾಲಿ ಎಂಬ ಈ ಸಾಲನ್ನು ಜೋಡಿಸಿ ರಸ್ತೆಯ ಮೇಲೆ ಓಡಿಸಿ ತೋರಿಸಿದವನು ಫ್ರಾನ್ಸ್ ದೇಶದ ಎಮಿಲ್ ಲೆವಾಸೋರ್. ಆತ ತೀರಿಕೊಂಡದ್ದು 1897ರಲ್ಲಿ. ಹೊಲ ಉಳುವ ಈಗಿನ ಬಗೆಯ ಟ್ರ್ಯಾಕ್ಟರನ್ನು ಆತ ಕಣ್ಣಿನಿಂದ ಕಂಡವನಲ್ಲ.

ಲೆವಾಸೋರ್ ಹುಟ್ಟಿದ್ದು 1843ರ ಜನವರಿ 21ರಂದು, ಪ್ಯಾರಿಸ್ ನಗರದ ದಕ್ಷಿಣಕ್ಕಿರುವ ಮರೋಲ್ ಎಂಬ ಊರಿನಲ್ಲಿ. ಪ್ಯಾರಿಸ್ಸಿನ ಹೆಸರಾಂತ ಇಂಜಿನಿಯರಿಂಗ್ ಶಾಲೆಯಲ್ಲಿ ಕಲಿತ. ಅಲ್ಲಿ ರೆನೆ ಪನಾರ್ ಎಂಬಾತನ ಪರಿಚಯವಾಯಿತು. ಕೆಲಕಾಲ ಬೆಲ್ಜಿಯಂ ದೇಶದ ಕಾರ್ಖಾನೆಯೊಂದರಲ್ಲಿ ದುಡಿದು, ಮುಂದೆ ಪನಾರ್ ಪಾಲುದಾರನಾಗಿದ್ದ ಕಾರ್ಖಾನೆಗೇ ಬಂದು ಸೇರಿದ. ಆ ಕಾರ್ಖಾನೆ ಮಾಡುತ್ತಿದ್ದುದು ಮೋಟಾರನ್ನಲ್ಲ, ಮರ ಕೊಯ್ಯುವ ಯಂತ್ರಗಳನ್ನು. ಈಗಲೂ ನಮ್ಮ ಸಾಮಿಲ್ಲುಗಳಲ್ಲಿ ಕಾಣುವ ಪಟ್ಟಿ ಗರಗಸ ಅದರ ಮುಖ್ಯ ಸರಕು. ಹಿರಿಯ ಪಾಲುದಾರ ಪೆರಿನ್ 1886ರಲ್ಲಿ ತೀರಿಕೊಂಡ ಮೇಲೆ ಕಂಪನಿಯ ಹೆಸರು ಪನಾರ್ ಮತ್ತು ಲೆವಾಸೋರ್ ಎಂದಾಯಿತು.

ಮರ ಕೊಯ್ಯುವವನು ಮೋಟಾರಿಗೆ ಹೇಗೆ ಬಂದ ಎಂದು ಕೇಳುವಿರಿ. ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಸಣ್ಣ ಪೆಟ್ರೋಲ್ ಇಂಜಿನ್ ಮಾಡಿದ್ದ. ಅದನ್ನು ಫ್ರಾನ್ಸಿನಲ್ಲಿ ತಯಾರಿಸುವ ವ್ಯವಹಾರ ನೋಡಿಕೊಳ್ಳುತ್ತಿದ್ದವನು ಲೆವಾಸೋರನ ಸ್ನೇಹಿತ ಎದ್ವಾರ್ ಸರಾಜನ್. ಈತ 1887ರ ಡಿಸೆಂಬರಿನಲ್ಲಿ ತೀರಿಕೊಂಡ. ಸಾಮಾನ್ಯವಾಗಿ ವ್ಯವಹಾರ ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಆತನ ಪತ್ನಿ ಲೂಯಿಸ್ ಗಟ್ಟಿಗಿತ್ತಿ. ತಾನೇ ಡೈಮ್ಲರನನ್ನು ಕಂಡು ಮಾತನಾಡಿ, ಹಕ್ಕನ್ನು ಉಳಿಸಿಕೊಂಡು, ಇಂಜಿನ್ ಮಾಡುವ ಕೆಲಸವನ್ನು ಪನಾರ್ ಮತ್ತು ಲೆವಾಸೋರ್ ಕಂಪನಿಗೆ ಒಪ್ಪಿಸಿದಳು. 1890ರ ಮೇ ತಿಂಗಳಿನಲ್ಲಿ ಆಕೆ ಮತ್ತು ಲೆವಾಸೋರ್ ಮದುವೆಯಾದರು. ಈ ಹೆಣ್ಣುಮಗಳು ಕೈಚೆಲ್ಲಿ ಕುಳಿತಿದ್ದರೆ ಲೆವಾಸೋರನ ಹೆಸರು ಗರಗಸದ ಕಾರ್ಖಾನೆಯ ಬಾಗಿಲು ದಾಟುತ್ತಿತ್ತೋ ಇಲ್ಲವೋ ಹೇಳುವುದು ಕಷ್ಟ.

ಎತ್ತಿಗೆ ಬೇಡದ್ದು ಇಂಜಿನ್ನಿಗೆ ಬೇಕು

ಇಂಜಿನ್ ಸಿಕ್ಕಿತು. ಅದನ್ನು ಬಂಡಿಗೆ ಹೂಡುವುದು ಹೇಗೆ? ಇಲ್ಲಿಯೇ ತೊಡಕು. ಎತ್ತಿಗೆ ಗೇರು ಬೇಡ. ಏರು ಬಂದರೆ ಅದು ತಾನಾಗಿಯೇ ಹೆಜ್ಜೆ ನಿಧಾನ ಮಾಡಿ, ತಲೆ ತಗ್ಗಿಸಿ, ಹೆಗಲು ಕೊಟ್ಟು ಎಳೆಯುತ್ತದೆ. ನಿಂತ ಜಾಗದಿಂದಲೇ ಪೂರ್ತಿ ಬಲ ಹಾಕುತ್ತದೆ. ಇಂಜಿನ್ನಿಗೆ ಆ ಗುಣವಿಲ್ಲ. ಜೋರಾಗಿ ತಿರುಗುತ್ತಿದ್ದರೆ ಮಾತ್ರ ಅದಕ್ಕೆ ಶಕ್ತಿ. ಭಾರ ಬಿದ್ದು ಸುತ್ತು ಇಳಿಯಿತೆಂದರೆ ಉಸಿರು ಕಟ್ಟಿ ನಿಲ್ಲುತ್ತದೆ. ಆದ್ದರಿಂದ ಇಂಜಿನ್ ತನ್ನ ಪಾಡಿಗೆ ಜೋರಾಗಿ ತಿರುಗುತ್ತಿರಬೇಕು, ಗಾಲಿ ಮಾತ್ರ ಕೆಲಸಕ್ಕೆ ತಕ್ಕಂತೆ ನಿಧಾನವಾಗಿಯೋ ಬೇಗನೆಯೋ ತಿರುಗಬೇಕು.

ಆಗಿನ ಕಾಲದಲ್ಲಿ ಕೆಲವರು ಇದಕ್ಕೆ ತೊಗಲಿನ ಪಟ್ಟಾ ಬಳಸುತ್ತಿದ್ದರು. ಕಾರ್ಲ್ ಬೆಂಝ್ ತನ್ನ ಬಂಡಿಗೆ ಹಾಕಿದ್ದು ಪಟ್ಟಾವನ್ನೇ. ಹಿಟ್ಟಿನ ಗಿರಣಿ ನೋಡಿದವರಿಗೆ ಅದರ ಗುಣ ಗೊತ್ತು. ಭಾರ ಹೆಚ್ಚಾದರೆ, ನೀರು ತಾಗಿದರೆ ಜಾರುತ್ತದೆ. ಹಲ್ಲಿನ ಗಾಲಿ ಜಾರುವುದಿಲ್ಲ.

ಹಲ್ಲಿನ ಲೆಕ್ಕ ತಕ್ಕಡಿಯಷ್ಟೇ ಸರಳ. 15 ಹಲ್ಲಿನ ಸಣ್ಣ ಗಾಲಿ 45 ಹಲ್ಲಿನ ದೊಡ್ಡ ಗಾಲಿಯನ್ನು ತಿರುಗಿಸಿದರೆ, ಸಣ್ಣದು 3 ಸುತ್ತು ಬಂದಾಗ ದೊಡ್ಡದು 1 ಸುತ್ತು ಬರುತ್ತದೆ. ವೇಗ ಮೂರರಲ್ಲಿ ಒಂದು ಪಾಲಾಯಿತು, ತಿರುಚುವ ಬಲ ಸುಮಾರು ಮೂರು ಪಟ್ಟಾಯಿತು. ಹಾರೆಯ ಉದ್ದ ತುದಿ ಹಿಡಿದು ಬಂಡೆ ಮೀಟಿದ ಹಾಗೆ. ವೇಗ ಕೊಟ್ಟು ಬಲ ಕೊಂಡೆವು ಅಷ್ಟೆ, ಪುಗಸಟ್ಟೆ ಏನೂ ಸಿಗಲಿಲ್ಲ.

ಈ ಉಪಾಯವನ್ನು ಲೆವಾಸೋರನೊಬ್ಬನೇ ಕಂಡುಹಿಡಿದ ಎಂದರೆ ತಪ್ಪಾಗುತ್ತದೆ. ಡೈಮ್ಲರ್ ಮತ್ತು ಆತನ ಜೊತೆಗಾರ ಮೇಬಾಕ್ 1889ರ ಪ್ಯಾರಿಸ್ ಪ್ರದರ್ಶನಕ್ಕೆ ತಂದ ಬಂಡಿಯಲ್ಲಿಯೂ ನಾಲ್ಕು ವೇಗದ ಹಲ್ಲಿನ ಗಾಲಿಗಳಿದ್ದವು. ಲೆವಾಸೋರನ ಹೆಚ್ಚುಗಾರಿಕೆ ಅದನ್ನು ಬಂಡಿಯ ಒಟ್ಟು ರಚನೆಯಲ್ಲಿ ಕೂರಿಸಿದ ರೀತಿಯಲ್ಲಿದೆ. ಮೊದಲು ಇಂಜಿನ್ನನ್ನು ಸೀಟಿನ ಕೆಳಗೆ ಇಟ್ಟು ನೋಡಿದ, ಸರಿಬರಲಿಲ್ಲ. 1891ರಲ್ಲಿ ಅದನ್ನು ಎತ್ತಿ ಮುಂಭಾಗಕ್ಕೆ ತಂದ. ಹಿಂದಕ್ಕೆ ಕ್ಲಚ್ಚು, ಅದರ ಹಿಂದೆ ಒಂದಕ್ಕೊಂದು ಸಮನಾಗಿ ಎರಡು ಶಾಫ್ಟು. ಮೇಲಿನ ಶಾಫ್ಟು ಚೌಕ, ಅದರ ಮೇಲೆ ಬೇರೆಬೇರೆ ಗಾತ್ರದ ಗಾಲಿಗಳ ಗೊಂಚಲು. ಸವಾರ ಕಡ್ಡಿ ತಳ್ಳಿದರೆ ಗೊಂಚಲು ಆಚೀಚೆ ಸರಿದು ಕೆಳಗಿನ ಶಾಫ್ಟಿನ ಒಂದೊಂದು ಗಾಲಿಗೆ ಹಲ್ಲು ಕಚ್ಚುತ್ತಿತ್ತು. ಅಲ್ಲಿಂದ ಚೈನಿನ ಮೂಲಕ ಹಿಂದಿನ ಗಾಲಿಗೆ. ಆರಂಭದಲ್ಲಿ ಈ ಗಾಲಿಗಳಿಗೆ ಮುಚ್ಚಳವೇ ಇರಲಿಲ್ಲ. ರಸ್ತೆಯ ಧೂಳು, ಕೆಸರು ಎಲ್ಲ ಹಲ್ಲಿಗೆ. ಕೆಲವು ವರ್ಷಗಳ ನಂತರ ಎಣ್ಣೆ ತುಂಬಿದ ಪೆಟ್ಟಿಗೆಯೊಳಗೆ ಅವು ಸೇರಿದವು.

ತಿರುಗುತ್ತಿರುವ ಎರಡು ಗಾಲಿಗಳ ಹಲ್ಲನ್ನು ಪಕ್ಕದಿಂದ ತುರುಕುವುದೆಂದರೆ ಕಿರ್ರೆಂಬ ಸದ್ದು, ಹಲ್ಲು ಸವೆತ, ಕೆಲವೊಮ್ಮೆ ಮುರಿತ. ಇಂಜಿನಿಯರುಗಳು ಮೂಗು ಮುರಿದರು. ಕ್ರಮ ಒರಟು ನಿಜ, ಆದರೆ ಕೆಲಸ ಮಾಡುತ್ತದೆ ಎಂಬುದು ಲೆವಾಸೋರನ ನಿಲುವಾಗಿತ್ತಂತೆ. ಕ್ಲಚ್ಚು ಇರುವುದೇ ಆ ಒರಟುತನ ತಗ್ಗಿಸಲು. ಅದನ್ನು ಒತ್ತಿದ ಕ್ಷಣ ಇಂಜಿನ್ನಿಗೂ ಪೆಟ್ಟಿಗೆಗೂ ಸಂಬಂಧ ಕಡಿಯುತ್ತದೆ. ಅರ್ಧ ಒತ್ತಿ ಗೇರು ಎಳೆಯುವವರು ಇಂದಿಗೂ ನಮ್ಮಲ್ಲಿದ್ದಾರೆ. ಅವರ ಪೆಟ್ಟಿಗೆಯ ಎಣ್ಣೆ ಬಸಿದರೆ ತಳದಲ್ಲಿ ಕಬ್ಬಿಣದ ಪುಡಿ ಮಿನುಗುತ್ತದೆ.

ಹಲ್ಲು ಎಷ್ಟಿರಬೇಕು?

ಗೇರು ಪೆಟ್ಟಿಗೆ ಕಟ್ಟುವವನು ಮನಸ್ಸಿಗೆ ಬಂದಷ್ಟು ಹಲ್ಲು ಇಡುವಂತಿಲ್ಲ. ಎರಡು ಶಾಫ್ಟುಗಳ ನಡುವಿನ ಅಂತರ ಒಂದೇ. ಹಲ್ಲಿನ ಗಾತ್ರವೂ ಒಂದೇ ಆದರೆ ಪ್ರತಿ ಜೋಡಿಯ ಹಲ್ಲುಗಳ ಮೊತ್ತವೂ ಒಂದೇ ಬರಬೇಕು. ಮೊತ್ತ 60 ಎಂದಿಟ್ಟುಕೊಳ್ಳಿ: 15ಕ್ಕೆ 45, 20ಕ್ಕೆ 40, 24ಕ್ಕೆ 36, 30ಕ್ಕೆ 30. ಹೀಗೆ ಮೂರು ಪಟ್ಟು, ಎರಡು ಪಟ್ಟು, ಒಂದೂವರೆ ಪಟ್ಟು, ಸರಿಸಮ ಎಂಬ ನಾಲ್ಕು ಗೇರು ಸಿಕ್ಕವು. ಆದರೆ ಇದರಲ್ಲೊಂದು ಕೊರತೆ ಇದೆ. 15 ಮತ್ತು 45ರ ಜೋಡಿಯಲ್ಲಿ ಸಣ್ಣ ಗಾಲಿಯ ಒಂದು ಹಲ್ಲು ಪ್ರತಿ ಮೂರು ಸುತ್ತಿಗೊಮ್ಮೆ ಎದುರಿನ ಅದೇ ಹಲ್ಲಿಗೆ ಬಂದು ಬಡಿಯುತ್ತದೆ. ಒಂದು ಹಲ್ಲಿನಲ್ಲಿ ಗಂಟು ಇದ್ದರೆ ಅದು ಎದುರಿನ ಅವೇ ಹಲ್ಲುಗಳನ್ನು ತಿನ್ನುತ್ತಾ ಹೋಗುತ್ತದೆ. ಮೊತ್ತವನ್ನು 61 ಮಾಡಿ ನೋಡಿ: 15ಕ್ಕೆ 46. ಈಗ ಅದೇ ಎರಡು ಹಲ್ಲು ಮತ್ತೆ ಭೇಟಿಯಾಗುವುದು ಸಣ್ಣ ಗಾಲಿಯ 46 ಸುತ್ತಿಗೊಮ್ಮೆ. ಸವೆತ ಎಲ್ಲ ಹಲ್ಲಿಗೂ ಹಂಚಿಹೋಗುತ್ತದೆ. ಒಂದೇ ಒಂದು ಹಲ್ಲು ಹೆಚ್ಚಿಸಿ ಪೆಟ್ಟಿಗೆಯ ಆಯಸ್ಸು ಹೆಚ್ಚಿಸುವ ಈ ಜಾಣತನ ನನಗಂತೂ ಬಲು ಮೆಚ್ಚಿಗೆ.

ಇನ್ನೊಂದು ವಿಷಯ, ಗೇರಿನಿಂದ ಗೇರಿಗೆ ಎಷ್ಟು ಅಂತರ? ಗಂಟೆಗೆ ಎರಡೂವರೆ ಕಿಲೋಮೀಟರಿನಿಂದ ಶುರುಮಾಡಿ 3.5, 4.9, 6.9 ಎಂದು ಸುಮಾರು ಒಂದು ಕಾಲು, ಒಂದೂವರೆ ಪಟ್ಟಿನ ನಡುವೆ ಏರಿಸುತ್ತಾ ಹೋದರೆ, ಗೇರು ಬದಲಿಸಿದಾಗಲೆಲ್ಲ ಇಂಜಿನ್ನಿನ ಸುತ್ತು 2000ದಿಂದ ಸುಮಾರು 1430ಕ್ಕೆ ಮಾತ್ರ ಇಳಿಯುತ್ತದೆ. ಅಲ್ಲಿಯೂ ಇಂಜಿನ್ನಿಗೆ ದಮ್ಮಿರುತ್ತದೆ. ಅಂತರ ದೊಡ್ಡದಾದರೆ ಮೇಲಿನ ಗೇರಿಗೆ ಹಾಕಿದೊಡನೆ ಏದುಸಿರು ಬಿಡುತ್ತದೆ. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ನಾಲ್ಕು ಗೇರಿನ ಜೊತೆಗೆ ಹೈ, ಲೋ ಎಂಬ ಇನ್ನೊಂದು ಕಡ್ಡಿ ಇರುವುದನ್ನು ಬಲ್ಲಿರಿ. ನಾಲ್ಕನ್ನು ಎರಡರಿಂದ ಗುಣಿಸಿ ಎಂಟು. ಎಂಟು ಜೋಡಿ ಗಾಲಿ ಮಾಡುವ ಖರ್ಚು ಉಳಿಯಿತು. ಕೊನೆಗೆ ಹಿಂದಿನ ಗಾಲಿಯ ಹತ್ತಿರ ಮತ್ತೂ ಕಡಿತವಾಗಿ, ಒಂದನೇ ಲೋದಲ್ಲಿ ಇಂಜಿನ್ 2000 ಸುತ್ತು ಬಂದಾಗ ದೊಡ್ಡ ಗಾಲಿ ನಿಮಿಷಕ್ಕೆ ಬರೀ ಹತ್ತು ಸುತ್ತಿನ ಆಸುಪಾಸು ಬರುತ್ತದೆ. ಇನ್ನೂರಕ್ಕೆ ಒಂದು.

ಇಷ್ಟು ಬಲ ಗಾಲಿಗೆ ಬಂತೆಂದು ಅದನ್ನು ಹೊಲದಲ್ಲಿ ಹೇಗೆಂದರೆ ಹಾಗೆ ಬಳಸಬಾರದು. ಕಾಲುವೆ ನೀರಿನ ಗದ್ದೆಯಲ್ಲಿ ಕೇಜ್ ವೀಲ್ ಹಾಕಿ ಕೆಸರು ಮಾಡುವಾಗ ಟ್ರ್ಯಾಕ್ಟರು ಹೂತರೆ, ಒಂದನೇ ಗೇರಿಗೆ ಹಾಕಿ ಎಕ್ಸಲೇಟರ್ ಪೂರ್ತಿ ಒತ್ತುವುದು ನಮ್ಮವರ ಅಭ್ಯಾಸ. ಗಾಲಿ ಹಿಡಿತ ತಪ್ಪಿ ತಿರುಗಿದರೆ ಗೇರಿನ ಬಲ ಕೆಸರಿನ ಪಾಲು. ಗಾಲಿ ಗಟ್ಟಿಯಾಗಿ ಕಚ್ಚಿ ಹೂತು ನಿಂತಿದ್ದರೆ ಇನ್ನೂ ಅಪಾಯ: ಗಾಲಿ ತಿರುಗಲಾರದೆ, ಅದೇ ಬಲಕ್ಕೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು, ಕಣ್ಣು ಮಿಟುಕಿಸುವುದರೊಳಗೆ ಸವಾರನ ಮೇಲೆಯೇ ಹಿಮ್ಮುಖವಾಗಿ ಮಗುಚಬಹುದು. ಗಾಲಿಗೆ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ಎಳೆಸುವುದಂತೂ ಸಾವನ್ನು ಕರೆದಂತೆ. ಹಿಂದಿನ ಉಪಕರಣ ಬಿಚ್ಚಿ, ಗಾಲಿಯ ಸುತ್ತಲಿನ ಮಣ್ಣು ತೆಗೆದು, ರಿವರ್ಸ್ ಗೇರಿನಲ್ಲಿ ಮೆಲ್ಲಗೆ ಬಂದ ದಾರಿಯಲ್ಲೇ ತೆಗೆಯಿರಿ. ಆಗದಿದ್ದರೆ ಇನ್ನೊಂದು ಟ್ರ್ಯಾಕ್ಟರು ಕರೆಸಿರಿ. ಇನ್ನು ಕುಂಟೆ ಹೊಡೆಯುವಂಥ ಹಗುರ ಕೆಲಸಕ್ಕೆ, ಬೇಕಾದ ವೇಗವನ್ನು ಮೇಲಿನ ಗೇರಿನಲ್ಲಿ ಕಡಿಮೆ ಎಕ್ಸಲೇಟರಿನಿಂದ ಪಡೆದರೆ ಡೀಸೆಲ್ ಉಳಿಯುತ್ತದೆ. ಇಂಜಿನ್ ಕಪ್ಪು ಹೊಗೆ ಉಗುಳಿದರೆ ಒಂದು ಗೇರು ಇಳಿಸಬೇಕು. ಹಲ್ಲು ಸರಿಸುವ ಹಳೆಯ ಮಾದರಿಯ ಪೆಟ್ಟಿಗೆಯಿದ್ದವರು ಟ್ರ್ಯಾಕ್ಟರು ನಿಲ್ಲಿಸಿಯೇ ಗೇರು ಬದಲಿಸುವುದು ಕ್ಷೇಮ.

ಎರಡು ರಾತ್ರಿ, ಎರಡು ಹಗಲು

ಲೆವಾಸೋರನ ವಿಷಯಕ್ಕೆ ಬರೋಣ. ತನ್ನ ಯಂತ್ರವನ್ನು ಆತ ಕಾರ್ಖಾನೆಯಲ್ಲಿ ಕುಳಿತು ಹೊಗಳಿಕೊಳ್ಳಲಿಲ್ಲ, ತಾನೇ ಏರಿ ಓಡಿಸಿದ. 1891ರಲ್ಲಿಯೇ ಪ್ಯಾರಿಸ್ಸಿನಿಂದ ಸಮುದ್ರತೀರದ ಎತ್ರೆತಾ ಎಂಬ ಊರಿನವರೆಗೆ 200 ಕಿಲೋಮೀಟರಿಗೂ ಮಿಕ್ಕಿ ಹೋಗಿಬಂದ. 1894ರಲ್ಲಿ ಪ್ಯಾರಿಸ್‌ನಿಂದ ರೂಆಂವರೆಗಿನ ಸ್ಪರ್ಧೆಯಲ್ಲಿ ಮೊದಲ ಬಹುಮಾನವನ್ನು ಈ ಕಂಪನಿಗೂ ಪೆಜೋ ಕಂಪನಿಗೂ ಹಂಚಲಾಯಿತು.

ದೊಡ್ಡ ಪರೀಕ್ಷೆ ಬಂದದ್ದು 1895ರ ಜೂನ್ 11ರಂದು. ಪ್ಯಾರಿಸ್‌ನಿಂದ ಬೋರ್ದೋ ನಗರಕ್ಕೆ ಹೋಗಿ ತಿರುಗಿ ಬರಬೇಕು, ಒಟ್ಟು 1178 ಕಿಲೋಮೀಟರ್. ಆತನ ಬಂಡಿಯ ಇಂಜಿನ್ನಿನ ಬಲ ಸುಮಾರು 4 ಅಶ್ವಶಕ್ತಿ. ನಮ್ಮ ಗದ್ದೆಗಳಲ್ಲಿ ಓಡಾಡುವ ಪವರ್ ಟಿಲ್ಲರಿಗೂ ಅದರ ಎರಡು ಮೂರು ಪಟ್ಟು ಬಲವಿರುತ್ತದೆ. ದಾರಿಯಲ್ಲಿ ರೂಫೆಕ್ ಎಂಬ ಊರಿನಲ್ಲಿ ಇನ್ನೊಬ್ಬ ಸವಾರ ಬದಲಿಗೆ ಕಾಯಬೇಕೆಂದು ಗೊತ್ತಾಗಿತ್ತು. ಲೆವಾಸೋರ್ ಎಲ್ಲರ ಲೆಕ್ಕಕ್ಕಿಂತ ಬೇಗ, ನಸುಕಿಗೆ ಮುಂಚೆಯೇ ಅಲ್ಲಿ ಮುಟ್ಟಿಬಿಟ್ಟ. ಬದಲಿ ಸವಾರ ಇನ್ನೂ ಹಾಸಿಗೆಯಲ್ಲಿದ್ದ. ಕಾಯುತ್ತಾ ಕೂರದೆ ಈತ ಮುಂದೆ ಹೊರಟ. ಬೋರ್ದೋ ಮುಟ್ಟಿ ಹಿಂತಿರುಗುವಾಗಲೂ ಬಂಡಿಯನ್ನು ಬಿಟ್ಟುಕೊಡಲಿಲ್ಲ. ಆಗ ಆತನಿಗೆ 52 ವರ್ಷ. ಜೊತೆಗಿದ್ದವನು ಮೆಕ್ಯಾನಿಕ್ ದೊಸ್ತಾಂಗ್ ಒಬ್ಬನೇ. ಒಟ್ಟು 48 ಗಂಟೆ 48 ನಿಮಿಷದಲ್ಲಿ, ಗಂಟೆಗೆ ಸರಾಸರಿ 24 ಕಿಲೋಮೀಟರಿನಂತೆ ಪ್ಯಾರಿಸ್ ಸೇರಿದ. ಎರಡನೆಯವನು ಬಂದದ್ದು ಸುಮಾರು ಆರು ಗಂಟೆ ತಡವಾಗಿ.

ಆದರೂ ಮೊದಲ ಬಹುಮಾನ ಸಿಗಲಿಲ್ಲ! ಬಂಡಿಯಲ್ಲಿ ನಾಲ್ಕು ಸೀಟು ಇರಬೇಕೆಂದು ನಿಯಮವಿತ್ತು, ಈತನದು ಎರಡು ಸೀಟಿನ ಬಂಡಿ. ಬಹುಮಾನ ಗಂಟೆಗಟ್ಟಲೆ ಹಿಂದೆ ಬಂದ ಪೆಜೋ ಬಂಡಿಗೆ ಹೋಯಿತು. ಜನ ಮಾತ್ರ ಗೆದ್ದವನು ಯಾರೆಂದು ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಮುಂದೆ ಇಂಜಿನ್, ನಡುವೆ ಗೇರು, ಹಿಂದೆ ಓಡಿಸುವ ಗಾಲಿ ಎಂಬ ಏರ್ಪಾಟನ್ನು ಒಬ್ಬರ ಹಿಂದೊಬ್ಬರು ಎಲ್ಲ ದೇಶದವರೂ ಅನುಸರಿಸಿದರು.

ಮರುವರ್ಷ 1896ರಲ್ಲಿ ಪ್ಯಾರಿಸ್‌ನಿಂದ ಮಾರ್ಸೇಗೆ ಹೋಗಿ ಬರುವ ಸ್ಪರ್ಧೆ. ದಕ್ಷಿಣ ಫ್ರಾನ್ಸಿನ ದಾರಿಯಲ್ಲಿ ಒಂದು ನಾಯಿ ಅಡ್ಡ ಬಂತು. ಬಂಡಿ ಉರುಳಿ ಲೆವಾಸೋರ್ ಕೆಳಕ್ಕೆ ಎಸೆಯಲ್ಪಟ್ಟ. ಮೈಗೆ ಬಿದ್ದ ಪೆಟ್ಟಿನಿಂದ ಆತ ಮತ್ತೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಕಾರ್ಖಾನೆಗೆ ಹೋಗುವುದನ್ನು ಬಿಡಲಿಲ್ಲ. 1897ರ ಏಪ್ರಿಲ್ 14ರಂದು ಪ್ರಾಣ ಹೋಯಿತು. ನಕ್ಷೆ ಬರೆಯುತ್ತಿದ್ದಾಗಲೇ ಕುಸಿದನೆಂದು ಹೇಳುತ್ತಾರೆ. ವಯಸ್ಸು 54.

ಆತ ಹೋದ ಮೇಲೆ ಪೆಟ್ಟಿಗೆ ಬೆಳೆಯುತ್ತಾ ಬಂತು. 1898ರಲ್ಲಿ ಲೂಯಿ ರೆನೋ ಮೇಲಿನ ಗೇರಿನಲ್ಲಿ ಇಂಜಿನ್ನಿನ ಬಲ ಹಲ್ಲು ದಾಟದೆ ನೇರವಾಗಿ ಹಿಂದಕ್ಕೆ ಹೋಗುವಂತೆ ಮಾಡಿದ. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಸಿಂಕ್ರೋಮೆಶ್ ಬಂತು: ಗಾಲಿಗಳು ಸದಾ ಕಚ್ಚಿಕೊಂಡೇ ಇರುತ್ತವೆ, ಕಡ್ಡಿ ಎಳೆದಾಗ ಮೊದಲು ಒಂದು ಉಂಗುರ ಉಜ್ಜಿ ಎರಡರ ವೇಗವನ್ನೂ ಸಮ ಮಾಡುತ್ತದೆ, ಆಮೇಲೆ ಬೀಗ ಬೀಳುತ್ತದೆ. ಕಿರ್ರೆಂಬ ಸದ್ದು ಅಡಗಿತು. ಪ್ಯಾರಿಸ್ಸಿನ ಪೋರ್ತ್ ಮಾಯೋ ಎಂಬಲ್ಲಿ, 1895ರ ಆ ಓಟ ಮುಗಿದ ಜಾಗದಲ್ಲಿ, 1907ರಲ್ಲಿ ಲೆವಾಸೋರನ ಸ್ಮಾರಕವೊಂದನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದರು. ಅದರಲ್ಲಿ ಆತ ಬಂಡಿಯ ಮೇಲೆಯೇ ಕುಳಿತಿದ್ದಾನೆ.