ಸರ್ ಸಿ. ವಿ. ರಾಮನ್

ಚಂದ್ರಶೇಖರ ವೆಂಕಟರಾಮನ್ ಅವರು 1888ನೆಯ ಇಸವಿ ನವೆಂಬರ್ 7ರಂದು ತಿರುಚಿರಾಪಳ್ಳಿಯ ಸಮೀಪದ ತಿರುವಾನೈಕಾವಲಿನಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಪದವಿ ಪಡೆದು, 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಹೋದರು. ಹಗಲು ಕಚೇರಿಯ ಕೆಲಸ. ಉಳಿದ ವೇಳೆಯೆಲ್ಲ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಪ್ರಯೋಗಶಾಲೆಗೆ ಮೀಸಲು. ಹತ್ತು ವರ್ಷಗಳ ಬಳಿಕ, 1917ರಲ್ಲಿ, ಹೆಚ್ಚು ವೇತನದ ಆ ಹುದ್ದೆಯನ್ನು ತೊರೆದು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

1921ರಲ್ಲಿ ಅವರು ಹಡಗಿನಲ್ಲಿ ಪ್ರಯಾಣ ಮಾಡುತ್ತಿದ್ದಾಗ ಮೆಡಿಟರೇನಿಯನ್ ಸಮುದ್ರದ ಕಡುನೀಲಿ ಅವರ ಮನಸ್ಸನ್ನು ಸೆಳೆಯಿತು. ಆ ನೀಲಿ ಆಕಾಶದ ಪ್ರತಿಬಿಂಬ ಮಾತ್ರವಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ಅವರು ಕಂಡುಕೊಂಡರು. ಅಂದಿನಿಂದ ದ್ರವಗಳಲ್ಲಿ ಬೆಳಕು ಚದುರುವ ಬಗೆಯೇ ಅವರ ಸಂಶೋಧನೆಯ ವಿಷಯವಾಯಿತು.

ಶಿಷ್ಯ ಕೆ. ಎಸ್. ಕೃಷ್ಣನ್ ಅವರೊಡನೆ ರಾಮನ್ ನಡೆಸಿದ ಪ್ರಯೋಗ ಸರಳವಾದುದು. ಮಸೂರದಿಂದ ಕೇಂದ್ರೀಕರಿಸಿದ ಬಿಸಿಲನ್ನು ನೀಲನೇರಿಳೆ ಗಾಜಿನ ಮೂಲಕ ಶುದ್ಧ ದ್ರವದೊಳಕ್ಕೆ ಹಾಯಿಸಿದರು. ಚದುರಿ ಬಂದ ಬೆಳಕನ್ನು, ಆ ನೇರಿಳೆಯನ್ನು ಪೂರ್ಣವಾಗಿ ತಡೆಯುವ ಹಸಿರು ಗಾಜಿನ ಮೂಲಕ ನೋಡಿದರು. ಕತ್ತಲೆ ಕಾಣಬೇಕಾಗಿದ್ದ ಕಡೆ ಮಂದವಾದ ಬೆಳಕು ಕಂಡಿತು! ಸುಮಾರು ಅರವತ್ತು ದ್ರವಗಳಲ್ಲಿಯೂ ಇದೇ ಫಲ. 1928ರ ಫೆಬ್ರವರಿ 28ರಂದು ರೋಹಿತದರ್ಶಕವು ಇದನ್ನು ದೃಢಪಡಿಸಿತು.

ಇದರ ಅರ್ಥವೇನು? ಅಣುವಿನೊಳಗಿನ ಪರಮಾಣುಗಳು ಸದಾ ಕಂಪಿಸುತ್ತಿರುತ್ತವೆ. ಬೆಳಕು ತನ್ನ ಶಕ್ತಿಯ ಅಂಶವನ್ನು ಈ ಕಂಪನಕ್ಕೆ ಕೊಟ್ಟು ಬಣ್ಣ ಬದಲಿಸಿಕೊಂಡು ಹೊರಬರುತ್ತದೆ. ಈ ಕಂಪನಗಳನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಿಂದ ಅಳೆಯುವ ವಿಧಾನ ಮೊದಲೇ ಇತ್ತು. ಅಮೆರಿಕದ ಕೋಬ್ಲೆಂಟ್ಜ್ 1905ರ ವೇಳೆಗೆ ಅನೇಕ ವಸ್ತುಗಳ ಅವಕೆಂಪು ರೋಹಿತಗಳನ್ನು ದಾಖಲಿಸಿದ್ದರು. ಆದರೆ ಆ ಕೆಲಸ ಬಹಳ ಪ್ರಯಾಸದ್ದು. ರಾಮನ್ ಪರಿಣಾಮದಿಂದ ಅದೇ ಮಾಹಿತಿಯ ಬಹುಭಾಗ ಛಾಯಾಚಿತ್ರದ ಫಲಕದ ಮೇಲೆಯೇ ಮೂಡತೊಡಗಿತು.

ಬೆಂಜೀನ್ ಮತ್ತು ಟಾಲೂಯಿನ್ ಎಂಬ ಹೈಡ್ರೋಕಾರ್ಬನ್ ದ್ರವಗಳೆರಡೂ ನೀರಿನಂತೆ ತಿಳಿಯಾಗಿವೆ. ಬೆರೆಸಿದರೆ ಕಣ್ಣಿಗೆ ಭೇದ ತಿಳಿಯದು. ಆದರೆ ರೋಹಿತದಲ್ಲಿ ಪ್ರತಿಯೊಂದೂ ತನ್ನದೇ ಗೆರೆಗಳನ್ನು ತೋರುತ್ತದೆ. ಗೆರೆಯ ಪ್ರಖರತೆಯಿಂದ ಪ್ರಮಾಣವೂ ತಿಳಿಯುತ್ತದೆ. ಪೆಟ್ರೋಲಿಯಂ ದ್ರವಗಳ ವಿಶ್ಲೇಷಣೆಗೆ ಇದು ನೆರವಾಯಿತು. 1940ರ ದಶಕದಲ್ಲಿ ಉತ್ತಮ ಅವಕೆಂಪು ಉಪಕರಣಗಳು ಬಂದು ಈ ವಿಧಾನ ಹಿಂದೆ ಸರಿದರೂ, 1960ರಲ್ಲಿ ಲೇಸರ್ ಬಂದ ಮೇಲೆ ಮತ್ತೆ ಮುನ್ನೆಲೆಗೆ ಬಂದಿತು. ಒಂದಕ್ಕೆ ಕಾಣದ ಕಂಪನ ಇನ್ನೊಂದಕ್ಕೆ ಕಾಣುವುದರಿಂದ ಇವೆರಡೂ ಪರಸ್ಪರ ಪೂರಕ.

1930ರಲ್ಲಿ ರಾಮನ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರಥಮ ಭಾರತೀಯ ನಿರ್ದೇಶಕರಾದರು. 1948ರಲ್ಲಿ ಅಲ್ಲಿಂದ ನಿವೃತ್ತರಾದರೂ ವಿಶ್ರಾಂತಿ ಬಯಸದೆ, ಅದೇ ನಗರದಲ್ಲಿ ತಾವು ಸ್ಥಾಪಿಸಿದ ಸಂಶೋಧನಾ ಸಂಸ್ಥೆಯಲ್ಲಿ ದುಡಿದರು. 1954ರಲ್ಲಿ ಭಾರತರತ್ನರಾದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು.

ಸಮುದ್ರದ ನೀಲಿಯನ್ನು ಅಸಂಖ್ಯಾತ ಜನರು ಕಂಡಿದ್ದರು. ಅದಕ್ಕೆ ಕಾರಣವೇನೆಂದು ಕೇಳಿ, ಉತ್ತರಕ್ಕಾಗಿ ಏಳು ವರ್ಷ ಶ್ರಮಿಸಿದುದೇ ರಾಮನ್ ಅವರ ಹಿರಿಮೆ.